ಸೀನು ಕಲಿಸಿದ ಮಂದಾಕಿನಿ ಟೀಚರ್

ಬೋರ್ಡ್ ಒರಸಿದ ಖಡುವಿನ ಪುಡಿ ಒಂದು ಮುಷ್ಟಿ ಅಂಗೈಯಾಗ ಇಟ್ಕೊಂಡು, ಮುಂದಿನ ಬೆಂಚಿನವರ ಮಾರಿ ಹತ್ರ ಬಂದು ಫೂ ಅಂತ ಊದೇ ಬಿಟ್ಟರು. ಆ ಬೆಂಚಿನ್ಯಾಗ ನಾನೇ ಇದ್ದೆ. ಎಣ್ಣಿ ಹಚ್ಚಿ ಎರಡು ಜಡಿ ಹಾಕ್ಕೊಂಡು ಬಂದ ತಲಿ ಪೂರಾ ಬೆಳ್ಳಗಾತು. ಹಿಂದಿನ ಹುಡುಗ್ಯಾರು ನಗಾಕತ್ತರು. ನಗಬ್ಯಾಡ್ರಿ, ನಿಮ್ಮ ನೋಟ್‌ಬುಕ್ ಮ್ಯಾಲ ಒಮ್ಮೆ ಬೆರಳು ಆಡಸ್ರಿ ಅಂದ್ರು ಟೀಚರ್. ಆಡಸಿದ್ರ ಅವರ ಬೆರಳಿಗೂ ಬಿಳಿ ಪುಡಿ.

"ಸೀನು ಅಂದ್ರ ಇದು. ಖಡು ಕಣ್ಣಿಗೆ ಕಾಣ್ತದ, ಸೀನು ಕಾಣಂಗಿಲ್ಲ. ಅಷ್ಟೇ ಫರಕ್."

ಇವರು ಮಂದಾಕಿನಿ ಟೀಚರ್. ಸೇಡಂದಾಗ ನಮ್ಮ ಹುಡುಗ್ಯಾರ ಸಾಲಿಗೆ ವಿಜ್ಞಾನ ಕಲಸ್ತಿದ್ರು, ನಮ್ಮ ಮನಿಗೆ ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿನೂ ಅವರದೇ. ತೊಂಬತ್ತರ ದಶಕದ ಮಾತು. ವೈಷ್ಣವರ ಮನಿ, ಗಂಡ ತಾಲೂಕು ಆಫೀಸಿನ್ಯಾಗ ನೌಕರಿ. ಮುಂಜಾನಿ ಜಳಕ ಆದ ಮ್ಯಾಲ ಪೂಜಿ ಮುಗಿಯೋತನ ಟೀಚರ್ ಪೂರಾ ಮಡಿ. ಒದ್ದಿ ಸೀರಿ ಉಟ್ಟು ಹಿತ್ತಲದಾಗ ತುಳಸಿ ಮುಂದ ನಿಂತಿರ್ತಿದ್ರು, ನಾವು ಗ್ವಾಡಿ ಮ್ಯಾಲಿಂದ ಲೆಕ್ಕದ ಡೌಟ್ ಕೇಳಿದ್ರ ಅಲ್ಲಿಂದನೇ ಉತ್ತರ. ನಮ್ಮವ್ವ ಚಾಷ್ಟಿ ಮಾಡ್ತಿದ್ದಳು, ಮಡ್ಯಾಗ ಇದ್ದಾಗ ನೆಗಡಿ ಹತ್ತಂಗಿಲ್ಲ ಬಿಡ್ರಿ ಟೀಚರ್, ಯಾರೂ ಮುಟ್ಟಂಗಿಲ್ಲಲ್ಲ ಅಂತ. ಅದಕ್ಕ ಟೀಚರ್, "ಸಾವಿತ್ರಮ್ಮ, ಕೆಮ್ಮು ಮಡಿ ಕೇಳಿ ಬರಂಗಿಲ್ಲ," ಅಂತಿದ್ರು.

ನಮ್ಮ ಕಡಿ ಮಂದಿಗೆ ಕೆಮ್ಮಿಗೆ ಒಂದು ತಯಾರ್ ಕಾರಣ ಇರ್ತದ ನೋಡ್ರಿ. ವಾಡಿಯವ್ರು ಸಿಮೆಂಟಿನ ಧೂಳು ಅಂತಾರ, ಶಹಾಬಾದದವ್ರು ಫರ್ಸಿ ಕಲ್ಲು ಕಡ್ಯೋ ಧೂಳು ಅಂತಾರ. ಟೀಚರ್ ಒಪ್ತಿದ್ದಿಲ್ಲ. ಧೂಳಿನ ಕೆಮ್ಮು ಬ್ಯಾರೆ, ಅದು ಬಂದವನ ಹತ್ರನೇ ಇರ್ತದ. ಮನ್ಯಾಗ ಒಬ್ಬರಾದ ಮ್ಯಾಲ ಒಬ್ಬರು ಮಲಗಾಕತ್ರ ಅದು ಧೂಳಲ್ಲ, ಹತ್ತೋ ರೋಗ. ಹೀಂಗ ಹೇಳಿ ಹೇಳಿ ನಮ್ಮ ಲಂಗಕ್ಕ ಪಿನ್ ಹಾಕಿ ಒಂದೊಂದು ಕರವಸ್ತ್ರ ಸಿಗಸಿದ್ರು. ಕರವಸ್ತ್ರ ಮರೆತವ್ರು ತೋಳಿಗೆ ಮಾರಿ ಒತ್ತಿ ಸೀನಬೇಕು. ಅಂಗೈ ಅಡ್ಡ ಹಿಡದವ್ರನ್ನ ನಳದ ಮುಂದ ನಿಂದ್ರಿಸಿ ಸಾಬಾಣ ಹಚ್ಚಿ ಕೈ ತೊಳಸ್ತಿದ್ರು. ಬ್ಯಾರೆ ಸಾಲಿ ಹುಡುಗ್ಯಾರು ನಮ್ಮನ್ನ ನೋಡಿ ನಗ್ತಿದ್ರು.

ಒಂದು ಚಳಿಗಾಲ ನಮ್ಮ ಮನ್ಯಾಗ ಎಲ್ಲಾರೂ ಮಲಗಿದ್ವಿ. ಜ್ವರ, ಮೈಕೈ ನೋವು, ಕೆಮ್ಮು. ಸುದ್ದಿ ಅವ್ವನ ತವರು ತೆಂಗಳಿಗೆ ಹೋತು. ಅಲ್ಲಿಂದ ನಮ್ಮ ಸೋದರಮಾವ, ಅತ್ತಿ, ಅವರ ಮಕ್ಕಳು, ಮುದುಕಿ ಅಜ್ಜಿ ಎಲ್ಲಾ ಟೆಂಪೋ ಮಾಡ್ಕೊಂಡು ಮಾತಾಡಸ್ಲಿಕ್ಕ ಬಂದರು. ಮಲಗಿದವ್ರನ್ನ ಬಂದು ನೋಡದಿದ್ರ ಸಂಬಂಧನೇ ಕಡಿದ್ಹಂಗ ಅಲ್ಲೇನ್ರಿ ನಮ್ಮಲ್ಲಿ. ಟೀಚರ್ ನಮ್ಮ ಕಟ್ಟಿ ಮ್ಯಾಲ ಅಡ್ಡ ನಿಂತಿದ್ರು. ನೀವು ಪ್ರೀತಿಲೆ ಬಂದೀರಿ ಖರೇ, ಹೋಗುವಾಗ ಏನು ತಗೊಂಡು ಹೋಗ್ತೀರಿ ಗೊತ್ತದೇನು, ಈ ಮುದುಕಿಗೆ ಹತ್ತಿದ್ರ ತಡಕೋತಾರೇನು ಅಂತ ಕೇಳಿದ್ರು. ಮಾವ ಸಿಟ್ಟಿಗೆದ್ದು, ಈ ಹೆಣ್ಮಗಳು ಯಾರು ನಮ್ಮನ್ನ ತಡ್ಯಾಕ ಅಂದ. ಆದರೂ ತಂದ ಹಣ್ಣು ಕಟ್ಟಿ ಮ್ಯಾಲ ಇಟ್ಟು ತಿರುಗಿ ಹೋದರು. ಎರಡು ವರ್ಷ ನಮ್ಮ ಜೋಡಿ ಸರಿ ಮಾತಾಡಲಿಲ್ಲ.

ಅಪ್ಪ ಸೂಜಿ ಮಾಡಸ್ಕೊಂಡು ಬರ್ತೀನಿ, ಸಲೈನ್ ಹಾಕಸ್ಕೋತೀನಿ ಅಂದಾಗಲೂ ಟೀಚರೇ ಬೈದರು. ಇದಕ್ಕ ಸೂಜಿ ಚುಚ್ಚಿದ್ರ ಓಡಿ ಹೋಗಂಗಿಲ್ಲ, ಗಂಜಿ ಕುಡೀರಿ, ನೀರು ಕುಡೀರಿ, ಬಿದ್ಕೋರಿ. ಆದ್ರ ಉಸುರು ಜೋರಾತು, ತುಟಿ ನೀಲಿ ಆತು ಅಂದ್ರ ಒಂದು ಗಳಿಗಿ ಕೂಡ ಮನ್ಯಾಗ ಕುಂದ್ರಬ್ಯಾಡ್ರಿ. ಮುಂದ ಒಂದು ಮಾತು ಅಂದ್ರು, ನಮ್ಮವ್ವನ ತಲ್ಯಾಗ ಅದು ಕುಂತೇ ಬಿಡ್ತು. "ಡಾಕ್ಟರ್ ಮುಂದ ಏನೂ ಮುಚ್ಚಿಡಬ್ಯಾಡ್ರಿ. ಯಾರ ಜೋಡಿ ಕುಂತಿದ್ರಿ, ಯಾರ ಮನಿಗೆ ಹೋಗಿದ್ರಿ, ಎಲ್ಲಾ ಹೇಳ್ರಿ."

ಅವರ ಮ್ಯಾಲ ನಮಗ ಅಷ್ಟು ನಂಬಿಕಿ ಇತ್ತು. ದೇವರು ಸುಳ್ಳಾದರೂ ಮಂದಾಕಿನಿ ಟೀಚರ್ ಸುಳ್ಳಾಗಂಗಿಲ್ಲ ಅನ್ನೋಷ್ಟು.

ಹಂದಿಜ್ವರ ಬಂದ ವರ್ಷ ನಾ ವಾಡಿಯ ಸೊಸಿ, ಏಳು ತಿಂಗಳ ಬಸುರಿ, ಹಡಿಯಾಕ ತವರಿಗೆ ಬಂದಿದ್ದೆ. ಟೀವ್ಯಾಗ ಮುಂಜಾನಿಂದ ಸಂಜಿತನ ಅದೇ. ಪುಣೆದಾಗ ಮಂದಿ ಮಾರಿಗೆ ಬಟ್ಟಿ ಕಟ್ಕೊಂಡು ಓಡ್ಯಾಡೋದು ತೋರಸ್ತಿದ್ರು. ಟೀಚರ್ ಮಗ ಪುಣೆದಾಗ ಬ್ಯಾಂಕಿನ್ಯಾಗ ಇದ್ದ. ಶಹಾಬಾದದ ಒಂದು ಮನಿ ಹುಡುಗಿ ಜೋಡಿ ಅವನ ಸಂಬಂಧ ಮಾತು ನಡದಿತ್ತು, ಇನ್ನೇನು ಎಲಿ ಅಡಿಕಿ ಬದಲಾಸೋದು ಬಾಕಿ. ಅವ ಹ್ಯಾಂಗ ಇದ್ದಾನ ಅಂತ ನಾವು ಕೇಳಿದ್ರ, ಅಲ್ಲೇ ಅದಾನ, ಆರಾಮ ಅದಾನ ಅಂದ್ರು.

ನನ್ನ ಕುಬಸದ, ಅಂದ್ರ ಸೀಮಂತದ ದಿವಸ ಉಡಿ ತುಂಬಾಕ ಟೀಚರನ್ನೇ ಮೊದಲು ಕರದ್ವಿ. ಹಸಿರು ಸೀರಿ ಉಟ್ಕೊಂಡು ಬಂದರು. ಮಾರಿ ಸ್ವಲ್ಪ ಕೆಂಪಗಿತ್ತು. ಅಕ್ಕಿ, ಕೊಬ್ಬರಿ, ಕುಬಸದ ಖಣ ಉಡ್ಯಾಗ ಹಾಕಿ, ನನ್ನ ಎದುರಿಗೇ ಕುಂತು ಆರತಿ ಹಾಡು ಹಾಡಿದ್ರು. ಮೊಣಕಾಲಿಗೆ ಮೊಣಕಾಲು ಹತ್ತಿತ್ತು. ನಡುವ ಕೆಮ್ಮು ಬಂತು, ಸೆರಗು ಒತ್ತಿ ಹಿಡದರು. ಊದಿನಕಡ್ಡಿ ಹೊಗಿ ಸುವ್ವಿ, ಅಂತ ನನಗ ಅಂದರು. ನಾನೇ ಎದ್ದು ಊದಿನಕಡ್ಡಿ ದೂರ ಇಟ್ಟು ಬಂದೆ.

ಮೂರನೇ ದಿವಸ ನನಗ ಜ್ವರ ಏರ್ತು. ಸೇಡಂನ ಡಾಕ್ಟರ್ ಒಳ್ಳೆ ಮನುಷ್ಯ, ಬಸುರಿ ಅಂತ ಹೇಳಿ ಜ್ವಾಕಿಲೆ ನೋಡಿದ್ರು. ಆ ರೋಗದ ಗುಳಿಗಿ ಆಗ ಅಂಗಡ್ಯಾಗ ಸಿಗ್ತಿದ್ದಿಲ್ಲ, ಸರಕಾರದವ್ರು ಕೇಳಿ ನೋಡಿ ಕೊಡ್ತಿದ್ರು. ಅದಕ್ಕ ಡಾಕ್ಟರ್ ಕೇಳಿದ್ದು ಒಂದೇ ಮಾತು: ಪುಣೆ, ಮುಂಬೈ, ಹೈದರಾಬಾದಿಂದ ಜ್ವರ ಹಿಡ್ಕೊಂಡು ಬಂದವ್ರು ಯಾರರೆ ನಿಮ್ಮ ಹತ್ರ ಇದ್ರೇನು? ಹೌದು ಅಂದ್ರ ಇವತ್ತೇ ಗುಲ್ಬರ್ಗಾಕ್ಕ ಕಳಸ್ತೀನಿ, ಗುಳಿಗಿ ಜಲ್ದಿ ಚಾಲೂ ಆದಷ್ಟು ಚಲೋ.

ನಮ್ಮವ್ವ ದವಾಖಾನಿಂದ ಸೀದಾ ಟೀಚರ್ ಬಾಗಿಲಿಗೆ ಹೋದಳು. ಸಂಕೋಚ ಬಿಟ್ಟು ಕೇಳಿದಳು, ಮಗ ಬಂದಾನೇನ್ರಿ, ಯಾರಿಗರೆ ಆರಾಮಿಲ್ಲೇನ್ರಿ ಅಂತ.

"ಇಲ್ರಿ ಸಾವಿತ್ರಮ್ಮ, ಅವ ಅಲ್ಲೇ ಅದಾನ. ನಮ್ಮ ಮನ್ಯಾಗ ಎಲ್ಲಾರೂ ಆರಾಮ," ಅಂದ್ರಂತ. ಬಾಗಿಲು ಅರ್ಧನೇ ತೆಗದಿದ್ರಂತ.

ಅವ್ವ ಬಂದು ಡಾಕ್ಟರಿಗೆ ಇಲ್ಲ ಅಂದಳು. ಡಾಕ್ಟರ್ ಸಾದಾ ಜ್ವರದ ಗುಳಿಗಿ ಕೊಟ್ಟು ಮನಿಗೆ ಕಳಸಿದ್ರು.

ಎರಡು ದಿವಸ ಹಂಗೇ ಹೋದ್ವು. ಆಮ್ಯಾಲ ನನಗ ಉಸುರು ತಗೊಳ್ಳಾಕ ಆಗವಲ್ದು. ಕುಂತ್ರೂ ಇಲ್ಲ, ಮಲಗಿದ್ರೂ ಇಲ್ಲ. ನಮ್ಮಣ್ಣ ಗಾಡಿ ಕೇಳಾಕ ಟೀಚರ್ ಮನಿ ಬಾಗಿಲು ಬಡದ. ತೆಗದವ ಟೀಚರ್ ಮಗ. ಕೊಳ್ಳಾಗ ಮಫ್ಲರ್, ಇನ್ನೂ ಕೆಮ್ಮತಿದ್ದ. ಪಾಪ, ಅವನಿಗೆ ಏನೂ ಗೊತ್ತಿಲ್ಲ. ಯಾವಾಗ ಬಂದಿ ಅಂದ್ರ, ನಿಮ್ಮ ಮನ್ಯಾಗ ಕುಬಸ ಇತ್ತಲ್ಲಣ್ಣ, ಅದರ ಮೊದಲೇ ಬಂದೆ, ಜ್ವರ ಭಾಳ ಇತ್ತು, ಅಮ್ಮಗೂ ಹತ್ತಿತ್ತು, ಒಳಗಿನ ಖೋಲಿ ಬಿಟ್ಟು ಹೊರಗ ಬರಬ್ಯಾಡ ಅಂದಿದ್ದಳು ಅಂತ ಹೇಳ್ಕೋತನೇ ಗಾಡಿ ಚಾವಿ ತಂದುಕೊಟ್ಟ.

ಗುಲ್ಬರ್ಗಾದ ದೊಡ್ಡ ದವಾಖಾನ್ಯಾಗ ಅಣ್ಣ ಇದನ್ನ ಹೇಳಿದ ಕೂಡ್ಲೇ ಗುಳಿಗಿ ಚಾಲೂ ಮಾಡಿದ್ರು. ಮೂಗಿಗೆ ಆಕ್ಸಿಜನ್ ಹಚ್ಚಿದ್ರು. ಮೊದಲ ಯಾಕ ಹೇಳಲಿಲ್ಲ ಅಂತ ಅಲ್ಲಿ ಡಾಕ್ಟರ್ ನಮ್ಮವ್ವಗ ಬೈದರು, ಅವ್ವ ತಲಿ ತಗ್ಗಿಸಿ ಬೈಸ್ಕೊಂಡಳು. ಕೂಸು ದಿನ ತುಂಬೋ ಮೊದಲೇ ಹುಟ್ಟಿತು. ಅಂಗೈಯಷ್ಟೇ ಇತ್ತು. ಕಾಜಿನ ಪೆಟಗ್ಯಾಗ ಇಟ್ಟಿದ್ರು, ನನಗ ಮುಟ್ಟಾಕ ಕೊಡಲಿಲ್ಲ. ಉಳೀತದ ಅಂತ ಯಾರೂ ಬಾಯಿ ಬಿಟ್ಟು ಹೇಳ್ತಿದ್ದಿಲ್ಲ. ಉಳೀತು.

ಟೀಚರ್ ನೋಡಾಕ ಬರಲಿಲ್ಲ. ಮಗನ ಲಗ್ನ ಶಹಾಬಾದದಾಗ ಆತು. ನಮಗೂ ಪತ್ರಿಕಾ ಬಂತು, ಅವ್ವ ಒಲಿಗೆ ಹಾಕಿದಳು. ಆಮ್ಯಾಲ ಅವರು ಚಿತ್ತಾಪುರಕ್ಕ ಮನಿ ಬದಲಾಸಿದ್ರು.

ಮುಂದಿನ ಬ್ಯಾಸಗಿಗೆ ವಾಡಿ ಸ್ಟೇಷನ್ನಿನ್ಯಾಗ ಸಿಕ್ಕರು. ನನ್ನ ಮಗಳು ನನ್ನ ಹೆಗಲ ಮ್ಯಾಲ. ದೂರಿಂದನೇ ಗುರ್ತು ಹಿಡದು ಬಂದು ಎರಡೂ ಕೈ ಚಾಚಿದ್ರು. ಕೊಡು ಸುವ್ವಿ, ನೋಡ್ತೀನಿ.

ನಾ ಕೊಡಲಿಲ್ಲ. ಅವ್ವ ಬಂದು ಕೇಳಿದಾಗ ಇಲ್ಲ ಅಂತ ಯಾಕ ಅಂದ್ರಿ ಟೀಚರ್ ಅಂತ ಕೇಳಿದೆ.

"ಗೊತ್ತಾಗಿದ್ರ ಸಂಬಂಧ ಮುರೀತಿತ್ತು ಸುವ್ವಿ. ಓಣಿ ಮಂದಿ ನಮ್ಮ ಬಾಗಿಲಿಗೆ ಬರ್ತಿದ್ರೇನು? ನೀವರೆ ಬರ್ತಿದ್ರೇನು?"

"ಬರ್ತಿದ್ದಿಲ್ರಿ," ಅಂದೆ. ಖರೇನೇ ಅದು, ನಾವೂ ಬರ್ತಿದ್ದಿಲ್ಲ. "ಆದ್ರ ನನಗ ಗುಳಿಗಿ ಸಿಗ್ತಿತ್ತು."

ಚಾಚಿದ ಕೈ ಹಿಂದಕ್ಕ ತಗೊಂಡರು. "ನಿನಗ ಇಷ್ಟು ಜೋರ ಆಗ್ತದಂತ ಅನಕೊಂಡಿದ್ದಿಲ್ಲವ್ವ," ಅಂದರು. ಗಾಡಿ ಬಂತು, ಹತ್ತಿ ಹೋದರು.

ತಿಳೀದವ್ರು ಮಾಡಿದ್ರ ನಾ ಯಾವಾಗೋ ಮರೀತಿದ್ದೆ ಬಿಡ್ರಿ. ಬಸುರಿಗೆ ಹತ್ತಿದ್ರ ಏನಾಗ್ತದ ಅಂತ ಇಡೀ ಓಣ್ಯಾಗ ಗೊತ್ತಿದ್ದಾಕಿ ಅಕಿ ಒಬ್ಬಾಕಿನೇ.

ಕೆಲವು ವರ್ಷ ಬಿಟ್ಟು ಚಿತ್ತಾಪುರದಾಗ ತೀರಿಕೊಂಡರು. ನಮ್ಮ ಸಾಲಿ ಹುಡುಗ್ಯಾರೆಲ್ಲ ಜೀಪ್ ಮಾಡ್ಕೊಂಡು ಹೋದರು, ನಾ ಹೋಗಲಿಲ್ಲ. ತಿರುಗಿ ಬರುವಾಗ ಒಬ್ಬಾಕಿ ನಮ್ಮ ಬಾಗಿಲಿಗೆ ಬಂದು ದಬಾಯಿಸಿದಳು, ನಿನಗ ಅಷ್ಟೆಲ್ಲಾ ಕಲಿಸಿದಾಕಿ, ಹೋಗಿ ಮಾರಿ ನೋಡಬಾರದಾ ಅಂತ.

"ಕಲಿಸಿದಾಕಿ ಅಂತನೇ ಹೋಗಲಿಲ್ಲ," ಅಂದೆ.