ಓತಾಕರ್‌ನ ಎಂಟು ಗಾಲಿಯ ಬಂಡಿ

ಓತಾಕರ್ ಹೃಬಾಚೆಕ್ ವಾರಕ್ಕೊಮ್ಮೆ ನಮ್ಮೂರ ಅಂಚೆಕಚೇರಿಗೆ ಚೀಲ ತುಂಬ ಪೊಟ್ಟಣ ಹೊತ್ತು ಬರುತ್ತಿದ್ದ. ಕೌಂಟರಿನಲ್ಲಿ ಕೂರುತ್ತಿದ್ದವಳು ನಾನು. "ಆಟದ ಸಾಮಾನು ಅಂತ ಎಸೆದುಗಿಸೆದು ಬಿಟ್ಟೀಯ ಮತ್ತೆ!" ಎಂದು ಪ್ರತಿ ಸಲವೂ ಗದರುತ್ತಿದ್ದ. ಒಳಗಿರುತ್ತಿದ್ದದ್ದು ಸೈನ್ಯದ ಎಂಟು ಗಾಲಿಯ ಉಕ್ಕಿನ ಬಂಡಿ ಸ್ಕೋಟ್‌ನ ಗೇಣುದ್ದದ ಮಾದರಿ, ಬಿಡಿ ಬಿಡಿಯಾಗಿ. ತನ್ನ ಗ್ಯಾರೇಜಿನಲ್ಲಿ ರಬ್ಬರ್ ಅಚ್ಚು ಮಾಡಿ, ಅದರೊಳಗೆ ಆರಿದರೆ ಗಟ್ಟಿಯಾಗುವ ರೆಸಿನ್ ದ್ರವ ಹೊಯ್ದು ಅವನೇ ತಯಾರಿಸುತ್ತಿದ್ದ. ಕೊಂಡವರು ಮನೆಯಲ್ಲಿ ಕೂತು ಜೋಡಿಸಿ, ಅಂಟಿಸಿ, ಬಣ್ಣ ಹಚ್ಚಿಕೊಳ್ಳಬೇಕು.

ಅಸಲಿ ಬಂಡಿಯನ್ನು ಅವನು ಇಪ್ಪತ್ತರ ಹರೆಯದಲ್ಲಿ, ಕಡ್ಡಾಯ ಸೈನ್ಯಸೇವೆಯಲ್ಲಿದ್ದಾಗ ಓಡಿಸಿದ್ದ. ಪಕ್ಕದ ಸೀಟಿನಲ್ಲಿ ನಾಯಕನಾಗಿ ಕೂತಿದ್ದವನು ವಿಲೆಮ್, ನನ್ನ ದೊಡ್ಡಮ್ಮನ ಒಬ್ಬನೇ ಮಗ. ಇಬ್ಬರೂ ಒಂದೇ ಓಣಿಯವರು, ಒಂದೇ ಬೆಂಚಿನಲ್ಲಿ ಕಲಿತವರು. ಹಿಮ ಕರಗುವ ಕಾಲ. ಬಂಡಿ ನೀರಿನಲ್ಲಿ ತೇಲಿ ನದಿ ದಾಟುವ ಕವಾಯತು ನಡೆದಿತ್ತು. ಉಕ್ಕಿ ಬಂದ ಪ್ರವಾಹದಲ್ಲಿ ಬುಡಮೇಲಾದ ಮರವೊಂದು ತೇಲಿ ಬಂದು ಬಡಿಯಿತು, ಬಂಡಿ ಮಗುಚಿತು. ನೀರಿನೊಳಗೆ ಓತಾಕರ್‌ನ ಕೈಗೆ ವಿಲೆಮ್‌ನ ತೋಳು ಸಿಕ್ಕಿತ್ತು. ಹಿಡಿತ ನಿಲ್ಲಲಿಲ್ಲ, ತೋಳು ಜಾರಿಹೋಯಿತು. ಉಳಿದವರೆಲ್ಲ ದಡ ಸೇರಿದರು.

ವಿಲೆಮ್‌ನನ್ನು ಮಣ್ಣು ಮಾಡಿ ಬಂದ ದಿನ ಅವನ ತಾಯಿ ಅಮಾಲಿಯಾ ದೊಡ್ಡಮ್ಮ ಓತಾಕರ್‌ನನ್ನು ಕರೆದು ಕೂರಿಸಿ ಸೂಪು ಬಡಿಸಿದಳು. ಒಂದು ಕೆಟ್ಟ ಮಾತೂ ಆಡಲಿಲ್ಲ. ಆಮೇಲೆ ಅವನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಬೀದಿಯಲ್ಲಿ ಎದುರಾದರೆ ಟೋಪಿ ತೆಗೆಯುತ್ತಿದ್ದ, ಅಷ್ಟೆ.

ಕಾಲ ಬದಲಾಯಿತು, ಸೈನ್ಯ ಸ್ಕೋಟ್‌ಗಳನ್ನು ಕೈಬಿಟ್ಟಿತು. ಹೆಚ್ಚಿನವು ಗುಜರಿಗೆ ಹೋದವು. ಒಂದನ್ನು ಮಾತ್ರ ನಮ್ಮೂರ ಮುಚ್ಚಿಹೋದ ಸೇನಾ ಶಿಬಿರದ ಬಾಗಿಲಲ್ಲಿ, ಬಸ್‌ ನಿಲ್ದಾಣದ ಎದುರಿಗೆ, ಕಟ್ಟೆಯ ಮೇಲೆ ನಿಲ್ಲಿಸಿದರು. ಓತಾಕರ್ ಪ್ರತಿ ವಸಂತದಲ್ಲೂ ಅದರ ತುಕ್ಕು ಕೆರೆದು ಹೊಸ ಹಸಿರು ಬಣ್ಣ ಬಳಿಯುತ್ತಿದ್ದ.

"ಏನೋ ಓತಾ, ಹೆಂಡ್ತಿಗೆ ಒಂದು ಹೂ ತಂದುಕೊಡೋಕೂ ಪುರುಸೊತ್ತಿಲ್ಲ, ಇವಳಿಗೆ ಮಾತ್ರ ಸಿಂಗಾರ!" ಎಂದು ಬಿಯರ್ ಅಂಗಡಿಯವರು ಕೆಣಕುತ್ತಿದ್ದರು.

"ಇವಳು ತಿರುಗಿ ಮಾತಾಡಲ್ವಲ್ಲ," ಎನ್ನುತ್ತಿದ್ದ.

ಎರಡು ಕೆಟ್ಟ ಸುದ್ದಿ ಒಂದೇ ಬೇಸಿಗೆಯಲ್ಲಿ ಬಂದವು. ದೊಡ್ಡ ಕಂಪನಿಯೊಂದು ಅದೇ ಬಂಡಿಯ ಪ್ಲಾಸ್ಟಿಕ್ ಮಾದರಿಯನ್ನು ಅಗ್ಗಕ್ಕೆ ಮಾರತೊಡಗಿತು. ಓತಾಕರ್‌ನ ಚೀಲ ಬರಿದಾಗುತ್ತ ಬಂತು. ಇತ್ತ ಆ ಶಿಬಿರದ ಜಾಗದಲ್ಲಿ ಶಿಶುವಿಹಾರ ಕಟ್ಟಲು ಪುರಸಭೆ ನಿರ್ಧರಿಸಿತು; ಬಂಡಿ ಗುಜರಿಗೆ.

"ದೊಡ್ಡದಕ್ಕೂ ಸಣ್ಣದಕ್ಕೂ ಒಟ್ಟಿಗೇ ನಿವೃತ್ತಿ," ಎಂದು ಓತಾಕರ್ ಕೌಂಟರಿನ ಮುಂದೆ ನಗಲು ನೋಡಿದ. "ಮೇಯರ್ ಏನಂದ ಗೊತ್ತಾ? ವಿಲೆಮ್‌ನ ತಾಯಿ ಸಭೆಗೆ ಬಂದು ಒಂದು ಮಾತು ಹೇಳಿದ್ರೆ ಬಂಡೀನ ಯಾರೂ ಮುಟ್ಟಲ್ವಂತೆ. ನನ್ ಜೊತೆ ಬಾರೇ. ಒಬ್ನೇ ಹೋಗೋಕೆ ಕಾಲು ಬರ್ತಿಲ್ಲ."

ಹೋದೆವು. ದೊಡ್ಡಮ್ಮ ಅಡುಗೆಮನೆಯಲ್ಲಿ ಪ್ಲಮ್ ಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎಂಬತ್ತು ದಾಟಿದ ಬೆರಳುಗಳು ಕೆಂಪಾಗಿದ್ದವು.

"ಅಮ್ಮಾ, ಬಂಡಿ ಉಳಿಸ್ಬೇಕು. ನೀವೊಂದು ಮಾತು ಹೇಳಿದ್ರೆ ಸಾಕು."

"ಯಾಕೋ ಉಳಿಸ್ಬೇಕು?"

"ವಿಲೆಮ್ ನೆನಪಿಗೆ."

ಅವಳು ಕೈ ಒರೆಸಿಕೊಂಡಳು. "ಓತಾ, ನಾನು ಆ ಬಂಡಿ ಎದುರಿನ ಸ್ಟಾಪಲ್ಲಿ ಬಸ್ ಹತ್ತಲ್ಲ ಕಣೋ. ಹಿಂದಿನ ಸ್ಟಾಪಿಗೆ ನಡ್ಕೊಂಡು ಹೋಗ್ತೀನಿ. ಹಿಮ ಬಿದ್ರೂನೂ. ನಿಂಗೆ ಗೊತ್ತಿತ್ತಾ?"

ಅವನಿಗೆ ಗೊತ್ತಿರಲಿಲ್ಲ. ಮಂಡಿನೋವಿಗೆ ನಡಿಗೆ ಒಳ್ಳೆಯದೆಂದು ಹೋಗುತ್ತಾಳೆ ಎಂದುಕೊಂಡಿದ್ದೆ ನಾನು.

"ನನ್ ಮಗನ್ನ ನುಂಗಿದ್ದು ಅದು. ನೀನು ವರ್ಷಾ ವರ್ಷಾ ಅದಕ್ಕೆ ಬಣ್ಣ ಬಳೀತಿದ್ದೆ."

"ಇದು ಆ ಬಂಡಿ ಅಲ್ಲಮ್ಮಾ, ಬೇರೇದು."

"ನಂಗೆ ಎಲ್ಲಾ ಒಂದೇ."

"ಒಂದ್ ಮಾತು ಹೇಳ್ಬಹುದಿತ್ತಲ್ಲಮ್ಮಾ, ಬೇಡ ಅಂತ."

"ಹೆಂಗೋ ಹೇಳ್ಲಿ? ಈ ಊರಲ್ಲಿ ಅವನ ಹೆಸರು ಮರೀದೆ ಇದ್ದೋನು ನೀನೊಬ್ನೆ."

ಓತಾಕರ್ ಎದ್ದ. ಹೊರಟಾಗ ಟೋಪಿಯನ್ನು ಅಲ್ಲೇ ಮರೆತ. ಮಾರನೆಯ ದಿನ ಮೇಯರ್ ಬಳಿ ಹೋಗಿ, ಬಂಡಿ ತೆಗೆದುಹಾಕಿ ಎಂದು ತಾನೇ ಹೇಳಿ ಬಂದ.

ಕ್ರೇನ್ ಬಂದ ದಿನ ಅವನು ಅಲ್ಲೇ ನಿಂತಿದ್ದ. ಬಂಡಿ ಮೇಲೆದ್ದಾಗ ಅದರ ಹೊಟ್ಟೆಯಿಂದ ಕೊಳೆನೀರು ಸುರಿಯಿತು. ಅವನು ಮುಖ ತಿರುಗಿಸಿಕೊಂಡು ಮನೆಗೆ ನಡೆದ.

ಕೆಲವು ದಿನ ಬಿಟ್ಟು ಅವನೇ ದೊಡ್ಡಮ್ಮನ ಮನೆಗೆ ಬಂದ. ನಾನೂ ಅಲ್ಲಿದ್ದೆ. ಜೇಬಿನಿಂದ ಕಿರುಬೆರಳಿನಷ್ಟೂ ಇಲ್ಲದ ಒಂದು ಗೊಂಬೆ ತೆಗೆದು ಮೇಜಿನ ಮೇಲಿಟ್ಟ. ಪ್ರತಿ ಮಾದರಿಯ ಪೆಟ್ಟಿಗೆಯಲ್ಲೂ ಬಂಡಿಯ ನಾಯಕನೆಂದು ಅವನು ಹಾಕುತ್ತಿದ್ದ ಗೊಂಬೆ ಅದು. ಮುಖ ವಿಲೆಮ್‌ನದು. ಓತಾಕರ್‌ನ ಹೆಂಡತಿ ಲುದ್ಮಿಲಾ ಬಿಟ್ಟರೆ ಇದು ಯಾರಿಗೂ ತಿಳಿದಿರಲಿಲ್ಲ.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದಳು. "ಕಿವಿ ಇನ್ನೂ ಅಗಲ ಇತ್ತು," ಎಂದಳು ಕೊನೆಗೆ. ಮತ್ತೆ, "ಸೊಂಟದಿಂದ ಕೆಳಗೆ ಏನೂ ಇಲ್ವಲ್ಲೋ?"

"ಬಂಡಿಯ ಕಿಂಡೀಲಿ ನಿಲ್ಲಿಸೋದಮ್ಮಾ. ಕೆಳಗಿಂದು ಯಾರಿಗೂ ಕಾಣಲ್ಲ. ಅದಕ್ಕೇ ಮಾಡ್ಲಿಲ್ಲ."

"ಬಂಡಿ ನಿಂಗಿರ್ಲಿ. ನನ್ ಮಗನಿಗೆ ಕಾಲು ಮಾಡ್ಕೊಡೋ."

ಅಚ್ಚುಗಳನ್ನೆಲ್ಲ ಎಸೆದು ಕೆಲಸ ಮುಗಿಸಬೇಕೆಂದಿದ್ದವನು ಮತ್ತೆ ಗ್ಯಾರೇಜಿನ ದೀಪ ಹಚ್ಚಿದ. ಕಣ್ಣು ಮೊದಲಿನಂತಿರಲಿಲ್ಲ. ಸಮವಸ್ತ್ರ ಬೇಡ, ಸ್ವೆಟರ್ ಇರಲಿ ಎಂದು ದೊಡ್ಡಮ್ಮ ಹೇಳಿಕಳಿಸಿದಳು. ಕಿವಿ ಸರಿಹೋಯಿತು. ಕಾಲು ಮಂಡಿಯವರೆಗೆ ಬಂದಿದ್ದಾಗ ದೊಡ್ಡಮ್ಮನಿಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಸೇರಿಸಿದ ವಾರದೊಳಗೆ ತೀರಿಕೊಂಡಳು.

"ಇನ್ಯಾರಿಗೆ ಮಾಡ್ತೀಯ? ಸಾಕು ಮಲ್ಕೋ ಬಾ," ಎಂದು ಲುದ್ಮಿಲಾ ಕರೆದರೂ ಓತಾಕರ್ ಏಳಲಿಲ್ಲವಂತೆ. ಬೂಟಿನ ಲಾಡಿಯವರೆಗೂ ಕೆತ್ತಿ ಮುಗಿಸಿದ.

ತಾಯಿ ಮಗ ಇಬ್ಬರಿಗೂ ಈಗ ಒಂದೇ ಸಮಾಧಿ. ಹಿಮ ಸರಿಸಿ, ಮೇಣದ ದೀಪದ ಪಕ್ಕ ಅವನು ಗೊಂಬೆ ನಿಲ್ಲಿಸಿದ.

"ಗಾಳಿಗೆ ಬಿದ್ದುಹೋಗತ್ತೆ ಓತಾ," ಎಂದೆ.

"ಗೊತ್ತು," ಎಂದ.

ನಾನೂ ಅವನ ಜೊತೆ ಮನೆಗೆ ಹೋದೆ; ವಿಲೆಮ್‌ನನ್ನು ಮಣ್ಣು ಮಾಡಿದ ದಿನ ದೊಡ್ಡಮ್ಮ ಬಡಿಸಿದಂತೆಯೇ, ಲುದ್ಮಿಲಾ ಸೂಪು ಬಿಸಿಮಾಡಿ ಕಾದಿದ್ದಳು. ಅವನು ಒಂದು ಚಮಚವನ್ನೂ ಮುಟ್ಟದೆ, ತಟ್ಟೆಯ ಎರಡೂ ಬದಿಗೆ ಕೈ ಚಾಚಿಕೊಂಡು, ಅದು ಆರುವವರೆಗೂ ಕೂತೇ ಇದ್ದ.