ನಂಬದ ದೇವರ ಮುಂದೆ ಒಂದು ಪ್ರಮಾಣ

ನಮ್ಮ ಭಾವನವರ ಎರಡು ಕಿವಿಯಲ್ಲೂ ತೂತಿತ್ತು, ದೇವರ ಹೆಸರಿನಲ್ಲಿ ಚುಚ್ಚಿಸಿ ಹಾಕಿದ್ದ ಕಡಕು ಇರಲಿಲ್ಲ. ಓದಲು ಕೋಲಾರಕ್ಕೆ ಹೋದವರು ದೇವರನ್ನೂ ಕಡಕನ್ನೂ ಒಟ್ಟಿಗೆ ಬಿಟ್ಟು ಬಂದರಂತೆ. "ನಂಬಿಕೆ ಹೋದ್ರೂ ತೂತು ಹೋಗಲ್ಲ ಕಣಮ್ಮ" ಎಂದು ಅತ್ತೆಯವರನ್ನು ರೇಗಿಸುತ್ತಿದ್ದರು.

ಮಕ್ಕಳೇ, ಅವರು ನಿಮ್ಮ ತಾತನ ಅಣ್ಣ, ಮುಳಬಾಗಿಲಿನಲ್ಲಿ ಮೇಷ್ಟ್ರು. ವಾರಪತ್ರಿಕೆಗಳಿಗೆ ಕಥೆ ಬರೆಯುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಮ್ಮಂಥ ಮನೆಗಳಲ್ಲಿ ಭಾವನವರ ಎದುರು ನಿಂತು ಮಾತಾಡುವಂತಿರಲಿಲ್ಲ. ಅವರು ಪಡಸಾಲೆಯಲ್ಲಿ ಕಥೆ ಓದುವರು, ನಾನು ಬಾಗಿಲ ಹಿಂದೆ ರಾಗಿ ಕೇರುತ್ತ ಕೇಳಿಸಿಕೊಳ್ಳುವೆನು. ಮುಗಿದ ಮೇಲೆ "ಅಡುಗೆಮನೆ ಏನನ್ನುತ್ತೆ?" ಎನ್ನುವರು. ನಾನು ಅತ್ತೆಯ ಕಿವಿಯಲ್ಲಿ ಹೇಳಿದ್ದನ್ನು ಅತ್ತೆ ದಾಟಿಸುವರು. ಹೊಗಳಿದರೆ ಅವರಿಗೆ ಆಗುತ್ತಿರಲಿಲ್ಲ. "ಒಪ್ಪಬೇಡ, ಪ್ರಶ್ನೆ ಕೇಳು" ಎನ್ನುತ್ತಿದ್ದರು. ಆಗಿನ ಅವರ ಕಥೆಗಳಲ್ಲಿ ಕೊನೆಯ ಮಾತು ಯಾವಾಗಲೂ ದೇವರನ್ನು ನಂಬದವನದೇ.

ಒಂದು ಕಥೆಯಲ್ಲಿ ಊರಗೌಡ ದೇವಸ್ಥಾನದಲ್ಲಿ ಸುಳ್ಳು ಪ್ರಮಾಣ ಮಾಡಿ ಹೊಲ ಹೊಡೆದುಕೊಳ್ಳುತ್ತಾನೆ; ಅವನಿಗೇನೂ ಆಗುವುದಿಲ್ಲ. ಅದು ಅಚ್ಚಾದ ವಾರ ನಮ್ಮೂರ ಪಟೇಲರು ಬಂದರು. ಅವರ ತಂಗಿಯ ಮಗನಿಗೆ ಭಾವನವರ ಮಗಳನ್ನು ಕೊಡುವ ಮಾತಾಗಿತ್ತು.

"ಏಮಯ್ಯಾ ಮೇಷ್ಟ್ರೇ, ನಮ್ಮಪ್ಪನ್ನ ಕಳ್ಳ ಅಂತ ಬರ್ದಿದ್ದೀಯಂತೆ?"

"ನಿಮ್ಮಪ್ಪ ಅಲ್ಲ ಪಟೇಲ್ರೇ. ಕಟ್ಟಿದ ಕಥೆ."

"ಹಂಗಾದ್ರೆ ಕುರುಡುಮಲೆ ಗಣಪ್ಪನ ಮುಂದೆ ಕರ್ಪೂರ ಆರಿಸಿ ಹೇಳು. ಇಲ್ಲಾಂದ್ರೆ ಈ ಸಂಬಂಧ ಬೇಡ."

ಉರಿಯುವ ಕರ್ಪೂರವನ್ನು ಕೈಯಿಂದ ಆರಿಸಿ ಹೇಳಿದ ಮಾತಿಗೆ ನಮ್ಮ ಕಡೆ ಎರಡನೇ ಮಾತಿಲ್ಲ. "ನಿಜಾನೇ ತಾನೇ ಹೇಳೋದು, ನಿನ್ನ ಗಂಟೇನು ಹೋಗುತ್ತೋ?" ಎಂದು ಅತ್ತೆ ಗೋಳಾಡಿದರು.

"ನಂಬದ ದೇವರನ್ನ ಸಾಕ್ಷಿಗೆ ಕರೆದ್ರೆ ನಿಜವೂ ಸುಳ್ಳಾಗುತ್ತಮ್ಮ."

ಭಾವನವರು ಪಡಸಾಲೆಯಲ್ಲಿ ತಿರುಗಿದರು, ಕೂತರು, ಮತ್ತೆ ಎದ್ದರು. ಕೊನೆಗೆ "ಅಡುಗೆಮನೆ ಏನನ್ನುತ್ತೆ?" ಎಂದರು.

ನನಗೇನಾಯಿತೋ, ಬಾಗಿಲು ದಾಟಿ ಬಂದೆ. "ಭಾವ, ಮದುವೆ ಆಗೋಳನ್ನ ಕೇಳಿದ್ರಾ?"

ನನ್ನ ಹಿಂದೆಯೇ ಬಂದು ನಿಂತ ಅವರ ಮಗಳು ತಲೆ ಎತ್ತದೆ ಹೇಳಿದಳು: "ನಂಗೆ ಆ ಮನೆ ಬೇಕು ಅಪ್ಪಾ."

ಮಾರನೆಯ ಬೆಳಿಗ್ಗೆ ಭಾವನವರು ಕುರುಡುಮಲೆಗೆ ಹೋಗಿ ಕರ್ಪೂರ ಆರಿಸಿ ಬಂದರು. "ಮೇಷ್ಟ್ರಿಗೂ ಗಣಪ್ಪ ಬೇಕಾದ" ಎಂದು ಊರು ನಕ್ಕಿತು. ಮದುವೆ ನಡೆಯಿತು, ಅವಳು ಚೆನ್ನಾಗಿಯೇ ಬಾಳಿದಳು. ಆದರೆ ಆಮೇಲಿನ ಅವರ ಕಥೆಗಳಲ್ಲಿ ನಂಬದವನಿಗೆ ಕೊನೆಯ ಮಾತು ಸಿಗುವುದಿಲ್ಲ. ಅವನೂ ನೆಮ್ಮದಿಗೆಟ್ಟು ಓಡಾಡುತ್ತಾನೆ. ನನ್ನೊಂದಿಗಂತೂ ಅಂದಿನಿಂದ ನೇರವಾಗಿ ಮಾತಾಡತೊಡಗಿದರು.

ಎಂಬತ್ತರ ದಶಕದ ಕೊನೆಗೆ ಹಾಸಿಗೆ ಹಿಡಿದಾಗ ಗಂಜಿ ಕುಡಿಸಲು ಹೋದೆ. "ಅವತ್ತು ನೀನು ಕೇಳಿದ್ದು ಸರಿ ತಾಯಿ. ನಾನು ಮಾಡಿದ್ದು ಸರಿಯೋ, ಇನ್ನೂ ಗೊತ್ತಾಗ್ತಿಲ್ಲ" ಎಂದರು. ಆ ವಾರವೇ ಹೋದರು.

ನಾನು ದಿನವೂ ದೀಪ ಹಚ್ಚುತ್ತೇನೆ. ಯಾಕೆ ಎಂದು ಕೇಳಿಕೊಳ್ಳದೆ ಒಂದು ದಿನವೂ ಹಚ್ಚಲಾಗಿಲ್ಲ. ಈ ತಳಮಳ ಅವರು ಕೊಟ್ಟದ್ದು. ಅದರಲ್ಲಿ ನಿಮಗೂ ಪಾಲಿದೆ.