ಹೊಟ್ಟೆಯೊಳಗಿನ ಡಿಸ್ಕು, ತುತ್ತೂರಿಯವನ ಹಲ್ಲು

ಮೂರು ಲೋಕ ಜಾಲಾಡಿದರೂ ನಮ್ಮಂಥ ಹಲ್ಲಿನ ಕಾರ್ಖಾನೆ ಸಿಗುವುದಿಲ್ಲ. ನಾವು ಕಟ್ಟಿಕೊಟ್ಟ ಹಲ್ಲುಸೆಟ್ಟು ಹಾಕಿಕೊಂಡವರು ಕಬ್ಬಿಣದ ಕಡಲೆಯನ್ನು ನಿಜವಾಗಿಯೂ ಅಗಿದು, ಇನ್ನೊಂದು ಹಿಡಿ ಕೊಡಿ ಎಂದು ಕೈಚಾಚಿದ್ದಾರೆ. ಒಬ್ಬ ಮುದುಕ ತೀರಿಕೊಂಡ ಮೇಲೂ ಅವನ ಸೆಟ್ಟು ನೀರಿನ ಲೋಟದೊಳಗಿಂದಲೇ ಹೆಂಡತಿಯ ಮೇಲೆ ಹಲ್ಲು ಮಸೆಯುತ್ತಿತ್ತಂತೆ. ಆ ಹೆಂಗಸೇ ಬಂದು ದೂರು ಕೊಟ್ಟಿದ್ದಳು. ಇದೆಲ್ಲ ಬಿಡಿ. ನಮ್ಮ ಹೆಚ್ಚುಗಾರಿಕೆ ಬೇರೆಯೇ ಇತ್ತು. ನಮ್ಮಲ್ಲಿಗೆ ಬಂದ ಬಾಯಿಯ ಅಳತೆ ಒಂದೇ ಒಂದು ಕೂಡ ಕಳೆದುಹೋದದ್ದಿಲ್ಲ. ಈ ಮಾತನ್ನು ಯಜಮಾನರು ಬಾಗಿಲ ಮೇಲಿನ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆಸಿದ್ದರು.

ಆ ಅಳತೆಗಳ ಉಸ್ತುವಾರಿ ಯಜಮಾನರ ಸೊಸೆಯದು. ಸೆಟ್ಟುಗಳಿಗೆ ಪಾಲಿಶ್ ಹಾಕುವ ನಾನೂ ಸೇರಿ ಎಲ್ಲರೂ ಅವಳನ್ನು ಸೊಸೆ ಎಂದೇ ಕರೆಯುತ್ತಿದ್ದೆವು. ಸಣಕಲು ಹೆಂಗಸು. ಕಿವಿಯ ಹಿಂದೆ ಪೆನ್ಸಿಲ್ಲು, ಕೂದಲ ತುಂಬ ಪ್ಲಾಸ್ಟರ್ ಧೂಳು, ನಾಲಿಗೆ ಮಾತ್ರ ನಮ್ಮ ಅರಗಳಿಗಿಂತ ಚೂಪು. ಅವಳ ಗಂಡ ಸಿದ್ಧವಾದ ಸೆಟ್ಟುಗಳನ್ನು ಹಲ್ಲಿನ ಡಾಕ್ಟರುಗಳಿಗೆ ತಲುಪಿಸುತ್ತ ಹಗಲೆಲ್ಲ ಬೈಕಿನ ಮೇಲೇ ಇರುತ್ತಿದ್ದ. "ಅವರು ಇಳಿದು ಮನೆಗೆ ಬಂದ್ರೆ ಬೈಕಿಗೇ ಗುರುತು ಸಿಗಲ್ಲ" ಎನ್ನುತ್ತಿದ್ದಳು.

ಮೊದಲು ಅಳತೆ ಎಂದರೆ ಪ್ಲಾಸ್ಟರಿನ ಅಚ್ಚು. ಕಪಾಟಿನ ತುಂಬ ಊರಿನವರ ಬಾಯಿಗಳು ಸಾಲಾಗಿ ಕೂತು ನಮ್ಮನ್ನೇ ನೋಡಿ ನಗುತ್ತಿದ್ದವು. ಆಮೇಲೆ ಡಾಕ್ಟರುಗಳು ಬಾಯೊಳಗೆ ಸ್ಕ್ಯಾನರ್ ಆಡಿಸಿ ಚಿತ್ರ ಕಳಿಸತೊಡಗಿದರು. ಆ ಚಿತ್ರಗಳು ನಮ್ಮಲ್ಲಿರಲಿಲ್ಲ. ಕ್ಲೌಡ್ ಎಂಬಲ್ಲಿ, ಅಂದರೆ ಎಲ್ಲಿಯೋ ಇರುವ ಒಂದು ಕಂಪನಿಯ ಬಾಡಿಗೆ ಸರ್ವರಿನಲ್ಲಿ ಇದ್ದವು. ಮೋಡದಲ್ಲಿ ಇಟ್ಟರೆ ಮಳೆಗಾಲದಲ್ಲಿ ಹಲ್ಲು ಉದುರುವುದಿಲ್ಲವೇ ಎಂದು ಕೇಳಿದೆ. "ಉದುರಿದ್ರೆ ಕೊಡೆ ತಲೆಕೆಳಗಾಗಿ ಹಿಡೀರಿ ತಾತ" ಎಂದಳು.

ಸರ್ವರ್ ಹಿಡಿದರೆ ಸಾಲದು, ಸಾಮಾನಿಡಲು ಅದಕ್ಕೊಂದು ಜಾಗ ಬೇಕು. ಆ ಜಾಗಕ್ಕೆ ಬ್ಲಾಕ್ ಸ್ಟೋರೇಜ್ ಎಂದು ಹೆಸರು. ಒಂದೇ ಅಳತೆಯ, ನಂಬರು ಹಾಕಿದ ಖಾನೆಗಳ ಬೀರು ಎಂದುಕೊಳ್ಳಿ. ಸರ್ವರ್ ಸಾಮಾನನ್ನು ತುಂಡು ಮಾಡಿ ಖಾನೆಗಳಲ್ಲಿಟ್ಟು, ಕೇಳಿದಾಗ ಜೋಡಿಸಿ ಕೊಡುತ್ತದೆ. ಬೀರು ಎರಡು ಬಗೆ. ಒಂದು ಸರ್ವರಿನ ಹೊರಗಿದ್ದು, ತಂತಿಯಿಂದ ಅದಕ್ಕೆ ತಗುಲಿಕೊಳ್ಳುವುದು. ಅದರಲ್ಲಿ ನಿಧಾನದ್ದೂ ಉಂಟು, ಚುರುಕಿನದೂ ಉಂಟು. ಅದನ್ನು ಒಂದು ಸರ್ವರಿನಿಂದ ಬಿಡಿಸಿ ಇನ್ನೊಂದಕ್ಕೆ ತಗುಲಿಸಬಹುದು, ಅದರ ಪಡಿಯಚ್ಚು ತೆಗೆದು ಬೇರೆ ಕಡೆ ಇಡಬಹುದು. ಇನ್ನೊಂದು ಸರ್ವರಿನ ಹೊಟ್ಟೆಯೊಳಗೇ ಇರುವ ಡಿಸ್ಕು. ವೇಗ ಎಂದರೆ ಅದರದ್ದು. ನೀವು ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅದು ನಿಮ್ಮ ಹಲ್ಲು ಎಣಿಸಿ ಮುಗಿಸಿರುತ್ತದೆ.

ಯಾವುದನ್ನು ಹಿಡಿಯುವುದೆಂದು ಸೊಸೆ ತೂಗಿ ನೋಡುತ್ತಿದ್ದ ದಿನಗಳಲ್ಲೇ ತುತ್ತೂರಿಯವನು ಬಂದ.

ಆತ ಬ್ಯಾಂಡಿನಲ್ಲಿ ಮೊದಲನೇ ಕುರ್ಚಿಯ ತುತ್ತೂರಿ, ಅಂದರೆ ಎಲ್ಲರಿಗಿಂತ ಮೇಲಿನ ಸ್ವರ ಊದುವವನು. ವಸಡು ಕೊಳೆತು ಹಲ್ಲೆಲ್ಲ ತೆಗೆಸಲೇಬೇಕಾಗಿತ್ತು. ಗಾಯ ಮಾಗಿ ಸೆಟ್ಟು ಬಂದ ಮೇಲೆ ಬ್ಯಾಂಡ್ ಮಾಸ್ತರರ ಮುಂದೆ ಊದಿ ತೋರಿಸಬೇಕು. ಸ್ವರ ಬಾರದಿದ್ದರೆ ಕುರ್ಚಿ ಬೇರೆಯವರಿಗೆ. ಡಾಕ್ಟರು ಅವನ ಬಾಯಿಯ ಚಿತ್ರ ಕಳಿಸಿದ್ದರು, ಆದರೂ ನೆಮ್ಮದಿಯಿಲ್ಲದೆ ಬಾಯಿಯನ್ನೇ ಹೊತ್ತು ತಂದಿದ್ದ.

"ತಂಗಿ, ಇಲ್ಲಿ ನೋಡು, ಮೇಲಿನ ಈ ಮುಂದಿನ ಹಲ್ಲು. ಸೊಟ್ಟ. ಹೆಣ್ಣು ನೋಡೋಕೆ ಹೋದಾಗ ನನ್ನ ಹೆಂಡತಿ ಬೇಡ ಅಂದಿದ್ದೇ ಇದನ್ನ ನೋಡಿ. ಆದ್ರೆ ಇದು ಸೊಟ್ಟ ಇರೋದಕ್ಕೇ ನನ್ನ ಮೇಲಿನ ಸ್ವರ ನೆಟ್ಟಗೆ ಬರೋದು."

"ಸೊಟ್ಟದ್ದನ್ನ ಸೊಟ್ಟವಾಗೇ ಮಾಡ್ಕೊಡ್ತೀನಿ ಅಣ್ಣ."

"ಕೂದಲೆಳೆ ಆಚೀಚೆ ಆಗ್ಬಾರ್ದು. ಊದೋದು ಬಿಟ್ರೆ ನಂಗೆ ಬೇರೆ ಏನೂ ಬರಲ್ಲ."

"ಧೈರ್ಯವಾಗಿ ಕೀಳಿಸ್ಕೊಳ್ಳಿ. ನಿಮ್ಮ ಬಾಯಲ್ಲಿರೋದಕ್ಕಿಂತ ಭದ್ರವಾಗಿ ನಿಮ್ಮ ಹಲ್ಲು ನನ್ನ ಹತ್ರ ಇರತ್ತೆ."

ಅವನು ನಂಬಿದ. ಮಾರನೇ ವಾರವೇ ಬೋಳುಬಾಯಾದ.

ಅವನು ಬಂದುಹೋದ ದಿನವೇ ಸೊಸೆ ಹೊರಗಿನ ನಿಧಾನದ ಡಿಸ್ಕನ್ನು ಪರೀಕ್ಷೆಗೆಂದು ತಗುಲಿಸಿ, ಮೇಜಿನ ಮೇಲಿದ್ದ ಅವನ ಕೆಲಸವನ್ನೇ ಅದಕ್ಕೆ ಹಾಕಿ ನೋಡಿದ್ದಳು. ಕೆಳದವಡೆಯ ಚಿತ್ರ ತೆರೆಯಲು ಅದು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಮಗು ಹುಟ್ಟಿ, ಹಾಲುಹಲ್ಲು ಉದುರಿಸಿಕೊಂಡು ಶಾಲೆಗೆ ಹೋಗಿಬರಬಹುದಿತ್ತು. ಯಜಮಾನರು ಹಿಂದೆ ನಿಂತು ನೋಡುತ್ತಿದ್ದರು.

"ಏನಮ್ಮ ಇದು, ಬಸವನಹುಳು ಬಾಡಿಗೆಗೆ ತಂದಿದ್ದೀಯಾ? ಅದೂ ಅಲ್ಲದೆ ಹೊರಗೆ ಯಾಕಿಡಬೇಕು? ನಮ್ಮ ಕಾರ್ಖಾನೆ ಕಟ್ಟಳೆ ಗೊತ್ತಲ್ಲ, ಸಾಮಾನು ಕೈಗೆ ಎಟುಕೋ ಹಾಗಿರಬೇಕು. ಹತ್ತಿರ ಇದ್ದದ್ದೇ ಭದ್ರ."

ಈ ಕಟ್ಟಳೆಯಲ್ಲೇ ಬೆಳೆದವರು ನಾವು. ಅರ, ಬ್ರಷ್ಷು, ಮೇಣ ಎಲ್ಲ ಮೊಣಕೈ ಅಳತೆಯೊಳಗೆ. ದೂರ ಇಟ್ಟದ್ದು ಪರರ ಪಾಲು. ಸೊಸೆಗೂ ಅದು ಹೌದೆನಿಸಿತು. ತಂತಿ ಕಿತ್ತರೆ ಹೊರಗಿನ ಡಿಸ್ಕು ಹೋಯಿತು, ಹೊಟ್ಟೆಯೊಳಗಿನದನ್ನು ಯಾರು ಕೀಳುತ್ತಾರೆ? ಕಂಪನಿಯವರು ಅದಕ್ಕೆ ತಾತ್ಕಾಲಿಕ ಎಂಬ ಮಾತು ಬಳಸಿದ್ದನ್ನು ಅವಳು ಓದದೆ ಇರಲಿಲ್ಲ. ಪರೀಕ್ಷೆಗೆಂದು ಸರ್ವರನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿದಳು. ಪ್ರತಿಸಲವೂ ಒಂದು ಹಲ್ಲೂ ಅಲುಗಾಡದೆ ಎಲ್ಲ ಅಲ್ಲೇ ಇತ್ತು. "ಹೆದರಿಸೋಕೆ ಬರೆದಿರ್ತಾರೆ" ಎಂದುಕೊಂಡು ಎಲ್ಲ ಬಾಯಿಗಳನ್ನೂ ಹೊಟ್ಟೆಯೊಳಕ್ಕೆ ತುಂಬಿದಳು. ಪರೀಕ್ಷೆಯ ಡಿಸ್ಕನ್ನು ಬಿಡಿಸಿ ಪಕ್ಕಕ್ಕೆಸೆದು ಮರೆತಳು.

ಉದ್ದನೆಯ ರಜೆ ಬಂತು. ನಮ್ಮ ಯಜಮಾನರಿಗೆ ಸ್ವಿಚ್ಚಿನ ಚಟ. ಆಕಾಶದಲ್ಲಿ ಮಿಂಚಿದರೂ ಯಾರೋ ಲೈಟು ಹಾಕಿಬಿಟ್ಟರು ಎಂದು ಗೋಡೆ ತಡಕುವವರು. ಫ್ಯಾನು, ಒಲೆ, ಗಾಳಿ ಪಂಪು ಎಲ್ಲ ಆರಿಸಿ ಬೀಗ ಹಾಕುವಾಗ ನೆನಪಾಯಿತು.

"ಅಮ್ಮಾ, ಆ ನಿನ್ನ ಸರ್ವರು? ರಜೇಲೂ ಅದು ಒಂದೇ ಸಮ ಓಡ್ತಾ ಇರತ್ತಾ? ಯಾರಿಗೋಸ್ಕರ?"

"ಇರ್ಲಿ ಬಿಡಿ ಮಾವ."

"ಇರ್ಲಿ ಅಂದ್ರೆ? ನಾವು ಹೋಗ್ತಿದೀವಿ, ಅದೂ ಮಲಗ್ಲಿ."

ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಫೋನು. ಬೀದಿಯಲ್ಲಿ ನಿಂತೇ ಸೊಸೆ ಹೆಬ್ಬೆರಳಿನಿಂದ ಒತ್ತಿದಳು. ರೀಸ್ಟಾರ್ಟ್ ಅಲ್ಲ, ಸ್ಟಾಪ್. ಯಜಮಾನರು ಜಗತ್ತಿನ ಸೂರ್ಯನನ್ನೇ ಆರಿಸಿದಷ್ಟು ತೃಪ್ತಿಯಿಂದ ನಡೆದರು.

ರಜೆ ಮುಗಿದ ಬೆಳಗ್ಗೆ ಕಂಪ್ಯೂಟರ್ ಕೋಣೆಯಿಂದ ಸದ್ದೇ ಇರಲಿಲ್ಲ. ಪಾಲಿಶ್ ಚಕ್ರ ನಿಲ್ಲಿಸಿ ಇಣುಕಿದೆ. ಸೊಸೆ ಮೇಜಿನ ಕೆಳಗೆ ಮಂಡಿಯೂರಿ ತಂತಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಳು. ಆ ತಂತಿಗಳಿಗೂ ಎಲ್ಲೋ ಇರುವ ಆ ಸರ್ವರಿಗೂ ನನಗೂ ಚಂದ್ರನಿಗೂ ಇರುವಷ್ಟೇ ನಂಟು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒತ್ತುತ್ತಿದ್ದಳು.

"ಏನಾಯ್ತು ತಾಯಿ?"

"ಖಾಲಿ ತಾತ. ಹೊಸದಾಗಿ ಕೊಂಡ ಪಾತ್ರೆ ಹಾಗೆ ಖಾಲಿ."

ಸಹಾಯದ ನಂಬರಿಗೆ ಫೋನು ಹಚ್ಚಿ, ನಮಗೂ ಕೇಳುವಂತೆ ಇಟ್ಟಳು. ಆ ಕಡೆಯ ದನಿ ಸಕ್ಕರೆಪಾಕದಲ್ಲಿ ಅದ್ದಿದಂತಿತ್ತು.

"ರೀಸ್ಟಾರ್ಟ್ ಮಾಡಿದ್ರೆ ಯಂತ್ರ ಅದೇ ಇರತ್ತೆ ಮೇಡಂ, ಒಳಗಿನ ಡಿಸ್ಕೂ ಇರತ್ತೆ. ಸ್ಟಾಪ್ ಮಾಡಿದ್ರೆ ನೀವು ಯಂತ್ರ ಬಿಟ್ಟುಕೊಟ್ಟ ಹಾಗೆ. ಅದರ ಡಿಸ್ಕ್ ಒರೆಸಿ ಬೇರೆಯವರಿಗೆ ಕೊಡ್ತೀವಿ."

"ವಾಪಸ್ ತರೋಕೆ ದಾರಿ?"

"ಇಲ್ಲ ಮೇಡಂ."

"ಏನಾದ್ರೂ? ಒಂದೇ ಒಂದು ಬಾಯಿ ಸಾಕು."

ಆ ಕಡೆ ಕೀಲಿಮಣೆಯ ಟಕಟಕ ಕೇಳಿಸಿತು. ಬಾಯಿ ಎಂದರೇನೆಂದು ಹೊಳೆಯದಿರಬೇಕು. "ಕ್ಷಮಿಸಿ ಮೇಡಂ. ಇಲ್ಲ."

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಮುಖ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತ್ತು. "ಹೊಟ್ಟೆಯೊಳಗೇ ಇತ್ತಲ್ಲಮ್ಮ? ಹೊಟ್ಟೆಯಿಂದ ಹೇಗೆ ಹೋಯ್ತು?"

"ನಮ್ಮ ಕಸುಬಿನಲ್ಲೇ ಹೇಳ್ತೀನಿ ಕೇಳಿ ಮಾವ" ಎಂದಳು. "ಒಳಗಿನ ಡಿಸ್ಕು ಅಂದ್ರೆ ಹುಟ್ಟಿದ ಹಲ್ಲು. ಮಲಗಿ ಎದ್ರೆ ಇರತ್ತೆ, ಆಳು ಹೋದ್ರೆ ಜೊತೆಗೇ ಹೋಗತ್ತೆ. ಹೊರಗಿನದು ನಿಮ್ಮ ಬಾಯಲ್ಲಿರೋ ಸೆಟ್ಟಿನ ಹಾಗೆ. ಆಳು ಇರ್ಲಿ ಬಿಡ್ಲಿ, ಅದು ಲೋಟದಲ್ಲಿ ಉಳಿಯತ್ತೆ. ಹತ್ತಿರ ಇದ್ದದ್ದು ಭದ್ರ ಅಂದ್ಕೊಂಡೆ ನಾನು. ಹತ್ತಿರ ಇದ್ದದ್ದೇ ಜೊತೆಗೆ ಸಾಯೋದು."

ಹಲ್ಲು ಇನ್ನೂ ಬಾಯಲ್ಲಿದ್ದವರನ್ನು ಮತ್ತೆ ಕರೆಸಿ ಅಳೆಯಬಹುದಿತ್ತು. ಹಲ್ಲು ಕೀಳಿಸಿಕೊಂಡವರಲ್ಲಿ ಮಿಕ್ಕವರಿಗೆ ಊಟ ಅಗಿದರೆ ಸಾಕಿತ್ತು, ಹೊಸ ಅಂದಾಜು ನಡೆಯುತ್ತಿತ್ತು. ತುತ್ತೂರಿಯವನ ಸೊಟ್ಟ ಹಲ್ಲು ಮಾತ್ರ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಡಾಕ್ಟರು ಚಿತ್ರ ಕಳಿಸಿ ತಮ್ಮದನ್ನು ಅಳಿಸಿದ್ದರು. ಕಿತ್ತ ಹಲ್ಲುಗಳು ಕಸಕ್ಕೆ ಹೋಗಿದ್ದವು. ಅವನ ವಸಡು ಮಾಗಿತ್ತು, ಮಾಸ್ತರರು ದಿನ ಗೊತ್ತುಮಾಡಿದ್ದರು.

"ಒಬ್ಬ ಮನುಷ್ಯನ ಬಾಯನ್ನೇ ಅಳಿಸಿಬಿಟ್ಟೆ ತಾತ" ಎಂದು ಸೊಸೆ ಕೈಚೆಲ್ಲಿ ನೆಲದ ಮೇಲೇ ಕೂತಳು. ನಾನು ಅವಳ ಪಕ್ಕ ಚದುರಿದ್ದ ತಂತಿಗಳನ್ನು ಸುತ್ತಿಟ್ಟೆ.

ಫೋನು ಇನ್ನೂ ಇಟ್ಟಿರಲಿಲ್ಲ. ಸಕ್ಕರೆದನಿ ಹೊರಡುವ ಮುಂಚೆ ಉಪಚಾರಕ್ಕೆಂಬಂತೆ ಕೇಳಿತು: "ನಿಮ್ಮ ಖಾತೆಯಲ್ಲಿ ಯಾವ ಸರ್ವರಿಗೂ ತಗುಲಿಸದ ಒಂದು ಹಳೇ ಡಿಸ್ಕ್ ಸುಮ್ನೆ ಬಿದ್ದಿದೆ ಮೇಡಂ. ಅದನ್ನೂ ಅಳಿಸಿಬಿಡ್ಲಾ?"

ಸೊಸೆ ಕಿರುಚಿದ ಕಿರುಚಿಗೆ ಕಪಾಟಿನಲ್ಲಿದ್ದ ಹಳೆಯ ಅಚ್ಚುಗಳೆಲ್ಲ ಬಾಯಿ ಮುಚ್ಚಿಕೊಂಡವು.

ಪರೀಕ್ಷೆಯ ಡಿಸ್ಕು! ಬಸವನಹುಳು! ಅದನ್ನು ಸರ್ವರಿಗೆ ತಗುಲಿಸಿ ತೆರೆದಳು. ಅದು ತನ್ನ ಹಳೆಯ ನಿಧಾನದಲ್ಲೇ ತೆರೆದುಕೊಂಡಿತು. ಈ ಸಲ ಯಜಮಾನರು ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತರು. ಪರದೆಯ ಮೇಲೆ ತುತ್ತೂರಿಯವನ ಕೆಳದವಡೆ ಸಾಲುಸಾಲಾಗಿ ಮೂಡಿತು. ಮೇಲ್ದವಡೆ ಇರಲಿಲ್ಲ. ಅವತ್ತು ಯಜಮಾನರು ರೇಗಿದ್ದಕ್ಕೆ ಅದನ್ನು ಹಾಕದೆಯೇ ಪರೀಕ್ಷೆ ನಿಲ್ಲಿಸಿದ್ದಳು.

ತುತ್ತೂರಿಯವನನ್ನು ಕರೆಸಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಬೋಳುಬಾಯಿಯ ಮನುಷ್ಯ ಪರದೆಯ ಹತ್ತಿರ ಬಗ್ಗಿ ತನ್ನ ಕೆಳದವಡೆಯನ್ನು ನೋಡಿದ.

"ಬೈದುಬಿಡಿ ಅಣ್ಣ."

"ಬೈಯೋಕೂ ಹಲ್ಲು ಬೇಕು ತಂಗಿ" ಎಂದ. ತುಟಿ ಒಳಕ್ಕೆ ಮಡಚಿಕೊಂಡಿತ್ತು. ಅವನು ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವುದು ಕಷ್ಟವಾಗಿತ್ತು.

ಕೆಳಗಿನ ಹಲ್ಲಿಗೆ ಮೇಲಿನ ಹಲ್ಲು ಉಜ್ಜಿ ಉಜ್ಜಿ ಸವೆತದ ಗುರುತು ಬಿದ್ದಿರುತ್ತದೆ. ಹೊಸ್ತಿಲಿನ ಸವೆತ ನೋಡಿ ಮನೆಯವರು ಯಾವ ಕಾಲು ಮುಂದಿಡುತ್ತಿದ್ದರೆಂದು ಹೇಳುವ ಹಾಗೆ ಸೊಸೆ ಆ ಗುರುತುಗಳನ್ನು ಹಿಡಿದು ಇಲ್ಲದ ಮೇಲ್ದವಡೆಯನ್ನು ಕಟ್ಟತೊಡಗಿದಳು. ಪ್ಲಾಸ್ಟಿಕ್ಕಿನಲ್ಲಿ ಒಂದು ಪರೀಕ್ಷೆಯ ಸೆಟ್ಟು ತೆಗೆಯುವುದು, ಅವನ ಬಾಯಿಗೆ ಕೂರಿಸುವುದು, ಅವನು ಊದುವುದು, ಅರ ಹಿಡಿದು ಉಜ್ಜುವುದು, ಹಾಳಾದರೆ ಇನ್ನೊಂದು. ಮೊದಲನೆಯದರಲ್ಲಿ ಊದಿದಾಗ ಬೀದಿಯ ನಾಯಿಗಳೆಲ್ಲ ಊರು ಬಿಟ್ಟವು. ಮುಂದಿನದರಲ್ಲಿ ಅರ್ಧದಷ್ಟು ವಾಪಸ್ ಬಂದವು.

"ಗಾಳಿ ಎಡಕ್ಕೆ ಕಳ್ಳತನ ಮಾಡ್ತಿದೆ ತಂಗಿ."

"ಎಡ ಅಂದ್ರೆ ನಿಮ್ಮೆಡವೋ ನನ್ನೆಡವೋ?"

"ಹಲ್ಲು ಯಾರದು?"

"ಈಗ ಇಬ್ಬರದ್ದೂ."

ದಿನಗಳು ಹೀಗೇ ಉರುಳಿದವು. ಅವಳು ಊಟದ ಡಬ್ಬಿ ತೆರೆದಂತೆಯೇ ಮುಚ್ಚುತ್ತಿದ್ದಳು. ಅವಳ ಗಂಡ ಕೂಡ ಬೈಕಿನಿಂದ ಇಳಿದು ಬಂದು ಗೋಡೆಗೊರಗಿ ನಿಂತಿರುತ್ತಿದ್ದ. ಕೆಳಗಿನ ಸ್ವರಗಳು ಒಂದೊಂದಾಗಿ ಮನೆಗೆ ಮರಳಿದವು, ನಡುವಿನವೂ ಬಂದವು. ಮೇಲಿನ ಆ ಸ್ವರ ಮಾತ್ರ ಹೊಸ್ತಿಲ ತನಕ ಬಂದು ಒಳಗೆ ಕಾಲಿಡದೆ ತಿರುಗಿಹೋಗುತ್ತಿತ್ತು. ಸವೆತದ ಗುರುತು ಹಲ್ಲಿನ ತುದಿ ಎಲ್ಲಿತ್ತೆಂದು ಹೇಳುತ್ತದೆ. ಅದು ಎಷ್ಟು ಮುಂದಕ್ಕೆ ವಾಲಿತ್ತೆಂದು ಯಾವ ಗುರುತೂ ಹೇಳಲಿಲ್ಲ.

ಗೊತ್ತುಮಾಡಿದ ದಿನ ಬಂತು. ಅವನು ಹೋಗಿ ಊದಿದ. ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತ. ಸೊಸೆ ಕುರ್ಚಿಯಿಂದ ಏಳಲೇ ಇಲ್ಲ.

"ಎರಡನೇ ಕುರ್ಚಿ" ಎಂದ. "ಮೇಲಿನ ಸ್ವರ ಇನ್ನೊಬ್ಬ ಊದ್ತಾನೆ. ನಾನು ಕೆಳಗಿಂದ ಹಿಡ್ಕೊಂಡಿರಬೇಕು."

"ಅಣ್ಣ…"

"ಹೆಂಡತಿ ಮಾತ್ರ ಖುಷಿಯಾಗಿದ್ದಾಳೆ. ಇಷ್ಟು ವರ್ಷಕ್ಕೆ ಹಲ್ಲು ನೆಟ್ಟಗಾಯ್ತಂತೆ." ಸೆಟ್ಟು ತೋರಿಸಿ ನಕ್ಕ. ಆ ನಗು ಅಚ್ಚುಕಟ್ಟಾಗಿತ್ತು, ಅವನದಾಗಿರಲಿಲ್ಲ. ಅವನು ಹೋದ ಮೇಲೆ ಸೊಸೆ ಕಿಟಕಿ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ಪಾಲಿಶ್ ಚಕ್ರದ ಸದ್ದನ್ನು ನಾನು ಬೇಕೆಂದೇ ಜೋರು ಮಾಡಿದೆ.

ಸಂಜೆ ಅವಳು ಏಣಿ ತರಿಸಿ, ಬಾಗಿಲ ಮೇಲಿನ ಬೋರ್ಡಿನ ಆ ದಪ್ಪಕ್ಷರಗಳಿಗೆ ತಾನೇ ಸುಣ್ಣ ಬಳಿದಳು. ಈಗ ಬಾಯಿಗಳೆಲ್ಲ ಹೊರಗಿನ ಚುರುಕಿನ ಡಿಸ್ಕಿನಲ್ಲಿವೆ. ಅದರ ಪಡಿಯಚ್ಚು ಬೇರೆ ಕಡೆ ಇದೆ. ತುತ್ತೂರಿಯವನ ಕೆಳದವಡೆಯಿರುವ ಬಸವನಹುಳುವನ್ನು ಅಳಿಸಲು ಅವಳು ಯಾರಿಗೂ ಬಿಟ್ಟಿಲ್ಲ.

ಯಜಮಾನರಿಗೆ ಇದೆಲ್ಲ ಪೂರ್ತಿ ಗಂಟಲಿಗಿಳಿದಿಲ್ಲ. ಬೀಗ ಹಾಕುವ ಹೊತ್ತಿಗೆ ಒಂದು ದಿನ ನಿಟ್ಟುಸಿರಿಟ್ಟರು.

"ನಮ್ಮ ಸಾಮಾನು ಎಲ್ಲೋ, ಅದರ ನಕಲು ಇನ್ನೆಲ್ಲೋ. ಕೈಗೆ ಎಟುಕೋದು ಒಂದೂ ಇಲ್ಲ. ನಾಳೆ ನಾನೇ ಆಫ್ ಆದ್ರೆ ಈ ಕಾರ್ಖಾನೇಲಿ ನನ್ನದು ಅಂತ ಏನಮ್ಮ ಉಳಿಯತ್ತೆ?"

ಸೊಸೆ ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದು ಮೇಜಿನ ಮೇಲಿಟ್ಟಳು.

"ಲೋಟದಲ್ಲಿ ನಿಮ್ಮ ಸೆಟ್ಟು ಉಳಿಯತ್ತಲ್ಲ ಮಾವ. ಹೋಗೋದು ಬಾಯಿ ಒಂದೇ. ನಮಗೆ ಅಷ್ಟು ಸಾಕು."